ಬುಗುರಿ ಮೇಷ್ಟ್ರ ಗೋಡೆ

ನಮ್ಮ ಬೀದಿಯ ಡಿಸೈನ್ ಮೇಷ್ಟ್ರು ಕೂತಿದ್ದನ್ನು ಕಂಡವರು ಕಡಿಮೆ. ಊಟವನ್ನೂ ನಿಂತೇ ಮುಗಿಸುತ್ತಾರೆ ಅಂತ ಅವರ ಹೆಂಡತಿಯ ದೂರು. ನನ್ನ ಅಂಗಡಿಗೆ ಸೋಪು ಕೊಳ್ಳಲು ಬಂದರೆ ಸೋಪನ್ನೇ ಮರೆತು, ಅದರ ಕಾಗದದ ಮೇಲಿನ ಅಕ್ಷರಗಳ ನಡುವೆ ಬಿಟ್ಟ ಜಾಗ ನೋಡಿ ಹಲ್ಲು ಕಡಿಯುತ್ತಾರೆ. ವಿದ್ಯಾರ್ಥಿಗಳು ಇಟ್ಟ ಹೆಸರು ಬುಗುರಿ. ಇಪ್ಪತ್ತೆರಡು ವರ್ಷದಿಂದ ಅದೇ ಕಾಲೇಜು, ಅದೇ ಗೋಡೆ.

ಆ ಗೋಡೆಯ ವಿಷಯ ಹೇಳಬೇಕು. ವರ್ಷದ ಕೊನೆಗೆ ಮಕ್ಕಳು ತಾವು ಮಾಡಿದ ಕೆಲಸವನ್ನು ಅದಕ್ಕೆ ಪಿನ್ನು ಚುಚ್ಚಿ ನಿಲ್ಲಿಸಬೇಕು. ಪರೀಕ್ಷಕರು ಹತ್ತು ಹೆಜ್ಜೆ ದೂರ ನಿಂತು ಹುಳುಕು ಹೇಳುವಾಗ ಮಾಡಿದವರು ತುಟಿ ಬಿಚ್ಚುವಂತಿಲ್ಲ. "ಗಿರಾಕಿ ಜೊತೆ ನೀನೂ ಅಂಗಡಿಗೆ ಹೋಗಿ ವಿವರಿಸ್ತೀಯಾ?" ಎಂದು ಕೇಳಿ ಮೇಷ್ಟ್ರೇ ಮಾಡಿದ ಕಾನೂನು ಅದು.

ಈ ವರ್ಷ ಅದು ಅವರ ಕೊರಳಿಗೇ ಸುತ್ತಿಕೊಂಡಿತು. ಗೋಡೆ ಮುಂದೆ ನಿಲ್ಲುವವರಲ್ಲಿ ಅವರ ಮಗಳೂ ಇದ್ದಳು. ಹೋದ ವರ್ಷ ಒಮ್ಮೆ ಫೇಲಾಗಿದ್ದಾಳೆ. ಇನ್ನೊಮ್ಮೆ ಆದರೆ ಕಾಲೇಜಿನಿಂದ ಹೆಸರು ತೆಗೆಯುತ್ತಾರೆ. ಅಪ್ಪ ಮಗಳಿಗೆ ಅಂಕ ಹಾಕುವಂತಿಲ್ಲ, ಮಾತೂ ಆಡುವಂತಿಲ್ಲ. ಅವರ ಜಾಗಕ್ಕೆ ಹೊರಗಿನವರೊಬ್ಬರು ಬೇಕೆಂದು ಪ್ರಿನ್ಸಿಪಾಲ್ ಮೇಡಂ ನನ್ನನ್ನು ಕರೆದರು. ಮೂವತ್ತು ವರ್ಷ ಡಬ್ಬ ಮಾರಿದವನಿಗೆ ಡಬ್ಬದ ಬಗ್ಗೆ ಏನಾದರೂ ಗೊತ್ತಿರಬಹುದು ಅಂತ ಅವರ ನಂಬಿಕೆ.

ಹಿಂದಿನ ದಿನ ಮೇಷ್ಟ್ರು ಅಂಗಡಿಗೆ ಮೂರು ಸಲ ಬಂದರು. ಮೂರು ಸಲವೂ ಬೆಂಕಿಪೊಟ್ಟಣ ಕೊಂಡರು.

"ಸಾಹುಕಾರ್ರೇ, ನಾಳೆ ಕಂಡದ್ದು ಕಂಡ ಹಾಗೆ ಹೇಳಿ. ದಾಕ್ಷಿಣ್ಯ ಬೇಡ."

"ಆಯ್ತು."

"ಆದ್ರೂ... ಸ್ವಲ್ಪ ಮೆತ್ತಗೆ."

"ಮೇಷ್ಟ್ರೇ, ತಕ್ಕಡಿಗೆ ಮೆತ್ತಗೆ ತೂಗು ಅಂದ್ರೆ ಹೇಗೆ?"

ಮರುದಿನ ಗೋಡೆ ಮೇಲೆ ಮಗಳದು ಚಹಾ ಡಬ್ಬದ ಲೇಬಲ್ಲು. 'ಹೊಂಬೆಳಗು' ಅಂತ ಹೆಸರು, ಕಾಗದದ ಈ ತುದಿಯಿಂದ ಆ ತುದಿಗೆ ಅಕ್ಷರಗಳು ಕಾಲು ಚಾಚಿ ಮಲಗಿದ್ದವು. ಚೆನ್ನಾಗಿಯೇ ಇತ್ತು. ಮೇಡಂ ಸೇರಿ ಉಳಿದ ಇಬ್ಬರು ಪರೀಕ್ಷಕರು ತಲೆದೂಗಿದರು. ಮೇಷ್ಟ್ರು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ.

"ಡಬ್ಬ ಎಲ್ಲಿ?" ಅಂದೆ.

ಗೋಡೆಯ ಮೇಲೆ ಡಬ್ಬ ನಿಲ್ಲುವುದಿಲ್ಲವಲ್ಲ. ಹುಡುಗಿ ಚೀಲದಿಂದ ತೆಗೆದುಕೊಟ್ಟಳು. ದುಂಡನೆ ಡಬ್ಬ. ಪಿನ್ನು ಕಿತ್ತು ಲೇಬಲ್ಲನ್ನು ಅದಕ್ಕೆ ಸುತ್ತಿ ಮೇಜಿನ ಮೇಲಿಟ್ಟೆ. ಎದುರಿಗೆ ಕಂಡದ್ದು 'ಬೆಳ' ಅಷ್ಟೇ. 'ಹೊಂ' ಎಡಕ್ಕೆ, 'ಗು' ಬಲಕ್ಕೆ, ಸಾಲ ಕೊಟ್ಟವನನ್ನು ಕಂಡವರ ಹಾಗೆ ಹಿಂದಕ್ಕೆ ಸರಿದಿದ್ದವು.

"ಗಿರಾಕಿ ಡಬ್ಬ ತಿರುಗಿಸಿ ಓದಲ್ಲಮ್ಮ. ಪಕ್ಕದ್ದು ತಗೊಂಡು ಹೋಗ್ತಾನೆ."

ಹುಡುಗಿಯ ಮುಖ ಇಳಿಯಿತು. ಮೇಡಂ ಪೆನ್ನು ತೆಗೆದರು. ಆಗ ಬುಗುರಿ ನಿಂತಿತು.

"ತಪ್ಪು ಅವಳದ್ದಲ್ಲ, ನಂದು. ಇಷ್ಟು ವರ್ಷ ಎಲ್ಲವನ್ನೂ ಗೋಡೆಗೇ ಚುಚ್ಚಿಸಿದೀನಿ. ಸುತ್ತಿ ನೋಡು ಅಂತ ಒಬ್ಬರಿಗೂ ಹೇಳಿಲ್ಲ."

"ಅಪ್ಪ, ನೀವು ಮಾತಾಡೋ ಹಾಗಿಲ್ಲ," ಅಂದಳು ಮಗಳು.

"ನೀನೂ ಆಡೋ ಹಾಗಿಲ್ಲ," ಅಂದರು ಮೇಡಂ. ಡಬ್ಬವನ್ನು ಕೈಗೆತ್ತಿಕೊಂಡು ಒಂದು ಸುತ್ತು ತಿರುಗಿಸಿದರು. "ಡಬ್ಬ, ಬಾಟಲಿ ಮಾಡಿದವರೆಲ್ಲ ನಾಲ್ಕು ಗಂಟೆಗೆ ಅದಕ್ಕೇ ಸುತ್ತಿ ತನ್ನಿ. ಅಂಕ ಅದಕ್ಕೆ."

ನಾಲ್ಕರವರೆಗೆ ಮೇಷ್ಟ್ರು ಕಾರಿಡಾರಿನ ನೆಲ ಸವೆಸಿದರು. ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಕೈಹಾಕಿದಾಗಲೆಲ್ಲ ನಾನು ತೋಳು ಹಿಡಿದೆ.

"ಅಕ್ಷರ ಒಂದರ ಕೆಳಗೊಂದು ಇಡು ಅಂತ ಒಂದೇ ಮಾತು, ಸಾಹುಕಾರ್ರೇ."

"ನಿಮ್ಮ ಬಾಯಲ್ಲಿ ಒಂದೇ ಮಾತು ಎಂದಾದ್ರೂ ಬಂದಿದ್ಯಾ? ಒಳಗೆ ಹೋದ್ರೆ ಅಪ್ಪನೇ ಮಾಡಿಕೊಟ್ಟ ಅಂತಾರೆ."

ಮಗಳು ಒಂದರ ಕೆಳಗೊಂದು ಇಟ್ಟಿರಲಿಲ್ಲ. ಹೆಸರನ್ನು ಚಿಕ್ಕದು ಮಾಡಿ, ಡಬ್ಬದ ಸುತ್ತ ಮೂರು ಕಡೆ ಕೂರಿಸಿದ್ದಳು. ಹೇಗೆ ತಿರುಗಿಸಿದರೂ ಒಂದು ಪೂರ್ತಿ ಹೆಸರು ಎದುರಿಗೆ.

ಕೆಲಸ ನೋಡಿ ಮುಗಿದ ಮೇಲೆ ಮೇಡಂ ಕೇಳಿದರು, ಯಾಕೆ ಮೂರು ಅಂತ. "ಅಂಗಡಿ ಅಂಕಲ್ ಡಬ್ಬಗಳನ್ನ ಹೇಗೆ ಬೇಕೋ ಹಾಗೆ ಜೋಡಿಸೋದು ನೋಡಿದೀನಿ ಮೇಡಂ," ಅಂದಳು. ಉಳಿದವರು ನಕ್ಕರು. ನಾನು ಪಾಸು ಅಂತ ಬರೆದೆ. ಉಳಿದಿಬ್ಬರೂ ಹಾಗೇ ಬರೆದರು.

ಮೇಷ್ಟ್ರು ಡಬ್ಬದ ಸುತ್ತ ಮೂರು ಸುತ್ತು ಬಂದರು. ಮಾರನೇ ಬೆಳಗ್ಗೆ ನಾನು ಬಾಗಿಲು ತೆಗೆಯುವಷ್ಟರಲ್ಲಿ ಹಾಜರು. ಬೆಂಕಿಪೊಟ್ಟಣ ಕೇಳಲಿಲ್ಲ. ನೇರ ಒಳಗೆ ಬಂದು ಕಪಾಟಿನ ಡಬ್ಬಗಳನ್ನು ಒಂದೊಂದಾಗಿ ತಿರುಗಿಸಿ, ಹೆಸರು ಮುಂದೆ ಮಾಡಿ ನಿಲ್ಲಿಸತೊಡಗಿದರು. ಗಿರಾಕಿಗಳು ಹೊಸ ಕೆಲಸದವರಾ ಅಂತ ಕೇಳುತ್ತಾರೆ. ಹೌದು ಅನ್ನುತ್ತೇನೆ. ಕುರ್ಚಿ ಕೊಟ್ಟರೂ ಕೂರುವುದಿಲ್ಲ.