ಹಳಿಯಾಳದ ಲೆನ್ಸೊಂದರ ತಪಾಸಣೆ

ಮೊಬೈಲಿನ ಟಾರ್ಚ್ ಹೊತ್ತಿಸಿ, ಲೆನ್ಸಿನ ಹಿಂಬದಿಯಿಂದ ಬೆಳಕು ತೂರಿಸಿ, ಮೂರೇ ಕ್ಷಣ ನೋಡಿ, "ಫಂಗಸ್ ಹಿಡಿದಿದೆ. ಪೇಪರ್‌ವೇಟ್ ಮಾಡ್ಕೊಳ್ಳಿ" ಎಂದು ಆ ತಜ್ಞ ತೀರ್ಪು ಕೊಟ್ಟ. ಆಮೇಲೆ ಕರವಸ್ತ್ರ ತೆಗೆದು ತನ್ನ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. ತೀರ್ಪನ್ನು ಕ್ಷಮಿಸಬಹುದಿತ್ತು. ಆ ಒರೆಸಿಕೊಂಡದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಲೆನ್ಸಿನ ಒಡತಿ ಎದುರಿಗೇ ನಿಂತಿದ್ದರು. ಅವರು ಹಳಿಯಾಳದಲ್ಲಿ ಸಣ್ಣದೊಂದು ಫೋಟೋ ಸ್ಟುಡಿಯೋ ನಡೆಸುತ್ತಾರೆ. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಫಿಟರ್ ಆಗಿದ್ದ ನನ್ನ ಗೆಳೆಯನ ಹೆಂಡತಿ; ಗೆಳೆಯ ತೀರಿಕೊಂಡು ವರ್ಷಗಳಾದರೂ ನನಗೆ ಅವರು ಭಾಭಿಯೇ. ಮುಸಲ್ಮಾನರ ಮದುವೆಗಳಲ್ಲಿ ಹೆಂಗಸರ ಕೋಣೆಯೊಳಗೆ ಕ್ಯಾಮೆರಾ ಹಿಡಿದು ಹೋಗಲು ಜನ ಕರೆಯುವುದು ಅವರನ್ನೇ. ಅಲ್ಲಿ ಫ್ಲಾಶ್ ಹೊಡೆದರೆ ಮುದುಕಿಯರು ಸೆರಗು ಎಳೆದುಕೊಂಡು ಮುಖ ತಿರುಗಿಸುತ್ತಾರೆ, ಮೆಹಂದಿಯ ಬಣ್ಣ ಸತ್ತುಹೋಗುತ್ತದೆ. ಆದ್ದರಿಂದ ಭಾಭಿ ಕೋಣೆಯಲ್ಲಿ ಉರಿಯುವ ಬಲ್ಬಿನ ಬೆಳಕಿನಲ್ಲೇ ತೆಗೆಯುತ್ತಾರೆ. ಅದಕ್ಕೆ ಬೇಕಾದದ್ದು ಬೆಳಕನ್ನು ಧಾರಾಳವಾಗಿ ಒಳಗೆ ಬಿಡುವ ಲೆನ್ಸು. ಅವರ ಬಳಿ ಇರುವುದು ರೀಲಿನ ಕಾಲದ ಐವತ್ತು ಮಿಲಿಮೀಟರಿನದು, ಒಂದು ಪಾಯಿಂಟ್ ನಾಲ್ಕರವರೆಗೆ ಬಾಯಿ ತೆರೆಯುವಂಥದು. ಈಗ ಅದನ್ನು ನಡುವೆ ಜೋಡಣೆಯ ಲೋಹದ ಬಳೆಯೊಂದನ್ನು ಕೂಡಿಸಿ ಡಿಜಿಟಲ್ ಕ್ಯಾಮೆರಾಕ್ಕೆ ತೊಡಿಸಿದ್ದಾರೆ.

ಮುಂದಿನ ಭಾನುವಾರ ಮುಂಡಗೋಡದಲ್ಲೊಂದು ಮದುವೆಗೆ ಅವರು ಒಪ್ಪಿಕೊಂಡಿದ್ದರು. ಆದರೆ ಇತ್ತೀಚೆಗೆ ಚಿತ್ರಗಳು ಮಂಕಾಗಿ ಬರುತ್ತಿವೆ ಎಂಬ ಅನುಮಾನ. ಲೆನ್ಸು ಕೆಟ್ಟಿದ್ದರೆ ಹುಡುಗಿಯ ಮನೆಯವರಿಗೆ ಬೇರೆಯವರನ್ನು ನೋಡಿಕೊಳ್ಳಿರೆಂದು ತಿಳಿಸಬೇಕು, ಒಮ್ಮೆ ಹಾಗೆ ಹೇಳಿದರೆ ಮತ್ತೆ ಯಾರೂ ಕರೆಯುವುದಿಲ್ಲ ಎಂದು ಅವರು ನನ್ನೆದುರು ಹೇಳಿದ್ದರು. ಕಾಳಿ ನದಿಯ ದಂಡೆಯ ರೆಸಾರ್ಟಿನಲ್ಲಿ ಛಾಯಾಗ್ರಹಣ ಶಿಬಿರವಿದೆ, ಹೊರಗಿನಿಂದ ಬಂದ ತಜ್ಞರು ಲೆನ್ಸು ಪರೀಕ್ಷಿಸಿ ಕೊಡುತ್ತಾರೆ ಎಂಬ ಪ್ರಕಟಣೆ ಓದಿ ಅವರನ್ನು ಅಲ್ಲಿಗೆ ಕರೆದೊಯ್ದವನು ನಾನೇ.

ಅಲ್ಲಿದ್ದವರೆಲ್ಲ ಮಂಗಟ್ಟೆ ಹಕ್ಕಿಯನ್ನು ಕ್ಯಾಮೆರಾದಲ್ಲಿ ಹಿಡಿಯಲು ಬಂದ ಮಹನೀಯರು. ಪ್ರತಿಯೊಬ್ಬನ ಕೊರಳಲ್ಲೂ ಮೊಳದುದ್ದದ ಲೆನ್ಸು. ಅಂಗೈಯಲ್ಲಿ ಮುಚ್ಚಿಹೋಗುವ ಐವತ್ತು ಮಿಲಿಮೀಟರನ್ನು ಕಂಡು ಇಬ್ಬರು ಬಾಯಿಬಿಟ್ಟೇ ನಕ್ಕರು. ಎಲ್ಲರಿಗೂ ಚಹಾ ಬಂತು, ಭಾಭಿಗೆ ಬರಲಿಲ್ಲ. ಖಾಲಿ ಕುರ್ಚಿಗಳು ಏಳು ಇದ್ದವು, ಒಂದನ್ನೂ ಯಾರೂ ಅವರತ್ತ ಸರಿಸಲಿಲ್ಲ.

ಹಿಂದಿರುಗುವಾಗ ಬಸ್ ನಿಲ್ದಾಣದಲ್ಲಿ, ನಾಲ್ಕು ದಿನ ಲೆನ್ಸು ನನ್ನ ಬಳಿ ಬಿಡಿ ಎಂದು ಕೇಳಿದೆ. ಅವರು ಕ್ಯಾಮೆರಾದ ಚೀಲವನ್ನೇ ನನ್ನ ಕೈಗಿತ್ತರು.

ಮಿಲ್ಲಿನ ಪ್ರಯೋಗಾಲಯದಲ್ಲಿ ಕಾಗದದ ಗುಣಮಟ್ಟ ನೋಡಿ ನಿವೃತ್ತನಾದವನು ನಾನು. ಪರೀಕ್ಷೆಗೊಂದು ಕ್ರಮವಿದೆ. ಟಾರ್ಚಿನ ಬೆಳಕಿಗೆ ಹಿಡಿದರೆ ಅಂಗಡಿಯಿಂದ ಈಗಷ್ಟೇ ತಂದ ಲೆನ್ಸೂ ತಿಪ್ಪೆಯಂತೆ ಕಾಣುತ್ತದೆ. ರೊಟ್ಟಿಯ ಮೇಲಿನ ಕಪ್ಪು ಚುಕ್ಕೆ ಎಣಿಸಿ ಅದರ ರುಚಿ ಹೇಳುವವನಿಗೂ ಈ ತಜ್ಞನಿಗೂ ವ್ಯತ್ಯಾಸವಿಲ್ಲ. ಅಂಥವನಿಗೆ ಜನ ಕೈಮುಗಿಯುವುದನ್ನು ಕಂಡರೆ ನನಗೆ ಹೇಸಿಗೆಯಾಗುತ್ತದೆ.

ನಾನು ಗೋಡೆಗೆ ಪತ್ರಿಕೆಯ ಹಾಳೆಯೊಂದನ್ನು ಅಂಟಿಸಿ, ನಾಲ್ಕೂ ಮೂಲೆಗಳಿಂದ ದಾರ ಹಿಡಿದು ದೂರ ಅಳೆದು, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನೇರ ನಿಲ್ಲಿಸಿದೆ. ಪೂರ್ತಿ ತೆರೆದಾಗ ನಡುವಿನ ಅಕ್ಷರಗಳು ಓದಲು ಬಂದವು. ಅಂಚಿನವು ಮೆತ್ತಗಾದವು, ಬಿಳಿಯ ಸುತ್ತ ತೆಳುವಾದ ಹೊಳಪು ಹಬ್ಬಿತು. ಇದು ದೋಷವಲ್ಲ. ಆ ಕಾಲದ, ಇಷ್ಟು ಅಗಲವಾಗಿ ತೆರೆಯುವ ಲೆನ್ಸುಗಳ ಸ್ವಭಾವವೇ ಅದು, ಮುಖಗಳಿಗೆ ಅದೇ ಚೆಂದ. ಬಾಯಿ ಕಿರಿದು ಮಾಡಿ ಎರಡಕ್ಕೆ ಇಳಿಸಿದಾಗ ಹೊಳಪು ಅಡಗಿತು. ಎರಡು ಪಾಯಿಂಟ್ ಎಂಟಕ್ಕೆ ತಂದಾಗ ಮೂಲೆಯ ಸಣ್ಣ ಜಾಹೀರಾತಿನ ಅಕ್ಷರಗಳೂ ಸೂಜಿಯಲ್ಲಿ ಕೊರೆದಂತೆ ನಿಂತವು. ಫೋಕಸ್ಸಿನ ಬಳೆ ಬೆಣ್ಣೆಯಂತೆ ತಿರುಗಿತು. ಎರಡನೆಯ ದಿನದ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಆ ತಜ್ಞನಿಗೆ ಬರೆಯಬೇಕಾದ ಪತ್ರ ಸಿದ್ಧವಾಗಿತ್ತು.

ಮೂರನೆಯ ದಿನ ಸಂಜೆ ಚೌಕಟ್ಟಿನ ಮೂಲೆಗೆ ಉರಿಯುವ ಬಲ್ಬೊಂದು ಬರುವಂತೆ ಇಟ್ಟು ತೆಗೆದೆ. ಚಿತ್ರದ ಮೇಲೆ ಹಾಲು ಚೆಲ್ಲಿದಂತಾಯಿತು. ಇದು ಸ್ವಭಾವವಾಗಿರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದೆ. ಫಂಗಸ್ ಆಗಿದ್ದರೆ ಬೇರಿನಂತೆ ಕವಲೊಡೆಯುತ್ತದೆ. ಇಲ್ಲಿ ಇದ್ದದ್ದು ಮುಂದಿನ ಗಾಜಿನ ಲೇಪದ ಮೇಲೆ ಕೂದಲಿಗಿಂತ ತೆಳುವಾದ ನೂರಾರು ಗೀರುಗಳು, ಎಲ್ಲವೂ ದುಂಡಗೆ, ಒರೆಸಿದ ಕೈಯ ತಿರುವಿನಲ್ಲೇ.

ಯಾವುದರಿಂದ ಒರೆಸುತ್ತಿದ್ದಿರಿ ಎಂದು ಭಾಭಿಗೆ ಫೋನು ಮಾಡಿ ಕೇಳಿದೆ.

"ನೀವ ಕೊಡತಿದ್ರಲ್ಲಾ ಅಣ್ಣಾರ, ಮಿಲ್ಲಿನ ತೆಳುಕಾಗದ. ಇನ್ನೂ ಒಂದ್ ಡಬ್ಬಿ ಉಳದೈತಿ."

ದಾಂಡೇಲಿಯ ಮಿಲ್ಲಿನ ಮನೆಗಳಲ್ಲಿ ಕಾಗದಕ್ಕೆ ಕೊರತೆಯೆಂಬುದಿರಲಿಲ್ಲ. ಕಪಾಟಿಗೆ ಹಾಸಲು, ಭಜಿಯ ಎಣ್ಣೆ ಹಿಂಗಿಸಲು, ಕಂದೀಲಿನ ಗಾಜು ಉಜ್ಜಲು ಎಲ್ಲದಕ್ಕೂ ಅದೇ. ಪರೀಕ್ಷೆ ಮುಗಿದು ಉಳಿದ ಹಾಳೆಗಳನ್ನು ಕಟ್ಟುಕಟ್ಟಾಗಿ ಗೆಳೆಯನಿಗೆ ಕೊಟ್ಟು, ಲೆನ್ಸಿಗೆ ಇದಕ್ಕಿಂತ ಮೆತ್ತನೆಯದು ಸಿಗದು ಎಂದವನು ನಾನು. ಕಾಗದಕ್ಕೆ ಮೈ ತುಂಬಲು ಬಿಳಿಮಣ್ಣು ಬೆರೆಸುತ್ತಾರೆ, ಆ ಮಣ್ಣಿನಲ್ಲಿ ನುಣ್ಣನೆಯ ಮರಳು ಉಳಿದಿರುತ್ತದೆ. ಇದು ನನಗೆ ಗೊತ್ತಿರದ ಸಂಗತಿಯೇ? ಕಾಗದ ಸುಟ್ಟು ಬೂದಿ ತೂಗಿ ಮಣ್ಣೆಷ್ಟು ಎಂದು ಬರೆದಿಡುವುದೇ ನನ್ನ ಕೆಲಸವಾಗಿತ್ತು. ನನ್ನ ಮನೆಯಲ್ಲೂ ಉಳಿದಿದ್ದ ಅದೇ ಕಾಗದದ ಹಾಳೆಯೊಂದನ್ನು ಆ ಸಂಜೆ ಸ್ಟೀಲ್ ತಟ್ಟೆಯಲ್ಲಿ ಸುಟ್ಟೆ. ಬೂದಿಯನ್ನು ಬೆರಳಲ್ಲಿ ಹಚ್ಚಿ ನನ್ನ ಹಳೆಯ ಕನ್ನಡಕಕ್ಕೆ ಉಜ್ಜಿದೆ. ಗೀರು ಬಿತ್ತು. ಅಷ್ಟು ದಿನ ತಜ್ಞನ ಮೇಲಿದ್ದ ಹೇಸಿಗೆ ದಿಕ್ಕು ಬದಲಿಸಿ ನನ್ನ ಕಡೆ ತಿರುಗಿತು.

ಮರುದಿನ ಹಳಿಯಾಳಕ್ಕೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಲೆನ್ಸಿಗೆ ಫಂಗಸ್ ಇಲ್ಲ, ಗೀರುಗಳಿವೆ, ಅದಕ್ಕೆ ಕಾರಣ ನಾನು. ಬಲ್ಬನ್ನು ಎದುರಿಗೆ ಬರಗೊಡದಿದ್ದರೆ, ಮುಂದುಗಡೆ ಕಪ್ಪು ಕಾಗದದ ಕೊಳವೆ ತೊಡಿಸಿದರೆ, ಮದುವೆಯನ್ನು ಧೈರ್ಯವಾಗಿ ತೆಗೆಯಬಹುದು ಎಂದೆ. ಭಾಭಿ ಬಿಲ್ಲೆಗಾತ್ರದ ಆ ಗಾಜನ್ನು ಕಿಟಕಿಯತ್ತ ಹಿಡಿದು ನೋಡಿದರು.

"ಬಲ್ಬ್ ಬೆನ್ನಿಗಿ ಹಾಕ್ಕೋಬೇಕಂತ ನನಗ ನೀವ್ ಕಲಸಬೇಕೇನ್ರಿ? ಈಗೀಗ ಎಲ್ಲಾರ ಮನ್ಯಾಗೂ ನಾಕ್ ಕಡೆ ಲೈಟ್ ಹಚ್ಚತಾರ, ಅದಕ್ಕ ಮಂಕ್ ಬರತಾವು. ಎರಡ್ ಆರಸಂತ ಹೇಳತೇನಿ, ಮುಗೀತು." ಲೆನ್ಸಿಗೆ ಮುಚ್ಚಳ ಹಾಕಿ, ದನಿ ಏರಿಸದೆಯೇ ಕೇಳಿದರು: "ಕಾಗದದ ಮಾತ್ ಬಿಡ್ರಿ ಅಣ್ಣಾರ. ಅಂವಾ ನನ್ನ ಮುಂದ ಬೆರಳ ಒರಸ್ಕೊಂಡಾಗ ನೀವ್ಯಾಕ ಸುಮ್ಮನ ನಿಂತ್ರಿ?"

ನನ್ನ ಕೈಯಲ್ಲಿ ಆಗ ಶಿಬಿರದವರು ಕೊಟ್ಟ ಚಹಾದ ಕಪ್ಪಿತ್ತು. ಅದನ್ನೇ ಹೇಳಿದೆ. ಭಾಭಿ ತಲೆಯಾಡಿಸಿದರು. ಅದು ಕ್ಷಮೆಯೆಂದು ನಾನು ತಿಳಿದಿಲ್ಲ. ತಜ್ಞನಿಗೆ ಬರೆಯಬೇಕಿದ್ದ ಪತ್ರವನ್ನು ನಾನು ಬರೆಯಲಿಲ್ಲ. ಅಂಥ ಪತ್ರ ಬರೆಯುವ ಹಕ್ಕು ಭಾಭಿಯದು, ಅವರಿಗೆ ಅದರ ಅಗತ್ಯ ಕಾಣಲಿಲ್ಲ.

ಭಾನುವಾರ ಅವರು ಮುಂಡಗೋಡಕ್ಕೆ ಹೋಗಿ ಬಂದರು. ಸೋಮವಾರ ಫೋನು ಮಾಡಿ ಚಿತ್ರಗಳು ಹೇಗೆ ಬಂದಿವೆ ಎಂದು ವಿಚಾರಿಸಿದೆ. ಚಲೋ ಬಂದಿವೆಯಂತೆ, ಮದುಮಗಳ ಅಜ್ಜಿ ಮೊದಲ ಬಾರಿಗೆ ಕ್ಯಾಮೆರಾದತ್ತ ಮುಖ ಮಾಡಿ ಕೂತಳಂತೆ. ಪೂರ್ತಿ ತೆರೆದು ತೆಗೆದ ಒಂದೆರಡನ್ನು ನೋಡಬಹುದೇ, ನನ್ನ ಪರೀಕ್ಷೆಯ ವರದಿಗೆ ಬೇಕಿತ್ತು ಎಂದೆ.

"ಅವು ಹೆಂಗಸ್ರ ಫೋಟೋ ಅದಾವ್ರಿ. ನಿಮಗ್ಯಾಕ ತೋರಸ್ಲಿ?"

ನನ್ನ ವಹಿಯಲ್ಲಿ ಆ ಲೆನ್ಸಿನ ಬಗ್ಗೆ ಎರಡು ಪುಟಗಳಿವೆ. ಪೂರ್ತಿ ತೆರೆದಾಗ, ಬಲ್ಬಿನ ಬೆಳಕಿನಲ್ಲಿ ಮನುಷ್ಯರ ಮುಖ ಹೇಗೆ ಬರುತ್ತದೆ ಎಂಬ ಕಲಮಿನೆದುರು 'ನೋಡಿಲ್ಲ' ಎಂದು ಬರೆದು ಸಹಿ ಹಾಕಿದ್ದೇನೆ.