ಗಲ್ಲು ನೋಡಲು ಬಂದವರು

ಕೊರೊನಾ ಕಳೆದು ಕೋರ್ಟುಗಳು ಮತ್ತೆ ತುಂಬತೊಡಗಿದ ಕಾಲ. ನಾನಾಗ ರಾಯಚೂರಿನ ಸೆಷನ್ಸ್ ನ್ಯಾಯಾಲಯದಲ್ಲಿ ಸರ್ಕಾರಿ ಅಭಿಯೋಜಕನಾಗಿದ್ದೆ; ಅಂದರೆ ಕೊಲೆ, ದರೋಡೆ ಪ್ರಕರಣಗಳಲ್ಲಿ ಸರ್ಕಾರದ ಪರ ವಾದಿಸುವ ವಕೀಲ.

ದೇವದುರ್ಗದಲ್ಲಿ ಸಂತೆಯ ದಿನ, ಹಾಡುಹಗಲೇ, ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ರೇಣುಕಾ ಎಂಬ ಹುಡುಗಿಯನ್ನು ಒಬ್ಬ ಚೂರಿಯಿಂದ ಇರಿದು ಕೊಂದಿದ್ದ. ಮದುವೆಗೆ ಒಲ್ಲೆ ಅಂದಳೆಂಬುದೇ ಕಾರಣ. ಆರೋಪಿ ಮಾನ್ವಿ ಕಡೆಯವನು. ನೂರಾರು ಜನ ಸುತ್ತ ನಿಂತಿದ್ದರು, ಒಬ್ಬರೂ ಬಿಡಿಸಲಿಲ್ಲ. ಹತ್ತು ಮಂದಿ ಸೇರಿದಲ್ಲಿ ಹಾವು ಸಾಯುವುದಿಲ್ಲ ಅನ್ನುತ್ತಾರಲ್ಲ, ಹಾಗೆ. ಆದರೆ ವಿಡಿಯೊ ಮಾತ್ರ ಸಂಜೆಯೊಳಗೆ ಜಿಲ್ಲೆಯ ಫೋನುಗಳನ್ನೆಲ್ಲ ಸುತ್ತಿತ್ತು.

ವಿಚಾರಣೆ ಶುರುವಾಗುವ ಮುಂಚೆ ಒಂದು ದಂಡು ನನ್ನ ಕಚೇರಿಗೆ ಬಂತು. ಮುಂದಾಳು ಬಸಣ್ಣ. ಕೊಲೆ ನಡೆದದ್ದು ಅವನ ಚಹಾದಂಗಡಿಯ ಮುಂದೆಯೇ. ಜೊತೆಗೆ ಹುಡುಗಿಯ ತಾಯಿ ಹುಲಿಗೆಮ್ಮನನ್ನೂ ಕರೆತಂದಿದ್ದರು. ಕೂಲಿಯ ಹೆಣ್ಣುಮಗಳು, ಮೂಲೆಯಲ್ಲಿ ನೆಲದ ಮೇಲೆ ಕೂತಳು.

"ಅವನ್ನ ಅಲ್ಲೇ, ಎಲ್ಲಾರ ಮುಂದ ಗಲ್ಲಿಗೆ ಹಾಕಬೇಕ್ರಿ ಸಾಹೇಬ್ರ," ಅಂದ ಬಸಣ್ಣ. "ಟಿವ್ಯಾಗ ಲೈವ್ ತೋರಿಸಬೇಕ್ರಿ. ಅಂದ್ರ ಮಂದಿಗೆ ಹೆದರಿಕಿ ಬರ್ತದ."

ನಮ್ಮ ಕಾನೂನಿನಲ್ಲಿ ಹಾಗೆ ನೆರೆದವರ ಮುಂದೆ ನೇಣು ಹಾಕುವುದಿಲ್ಲ. ಗಲ್ಲು ಕೂಡ ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ. ಅದೂ ಅಪರಾಧ ಸಾಬೀತಾದ ಮೇಲಿನ ಮಾತು. ನಾನು ಕೇಳಿದೆ: "ಅದು ಆಮ್ಯಾಲ. ಮೊದಲು ಕಂಡದ್ದನ್ನ ಕೋರ್ಟಿನ್ಯಾಗ ಹೇಳ್ತೀರಿಲ್ಲ?"

ಒಬ್ಬ ಚಾವಣಿ ನೋಡಿದ. ಮತ್ತೊಬ್ಬ, "ಮಕ್ಕಳು ಮರಿ ಇದ್ದವ್ರು ನಾವು, ಕೋರ್ಟಿನ ಉಸಾಬರಿ ಯಾಕ್ರಿ" ಎಂದು ಗೊಣಗಿದ.

ಹುಲಿಗೆಮ್ಮ ಮೊದಲ ಸಲ ಬಾಯಿ ತೆರೆದಳು. "ನನ್ನ ಮಗಳು ಸಾಯೋದನ್ನ ನಿಂತು ನೋಡೀರಿ. ಈಗ ಅವನ್ನೂ ನೋಡಬೇಕೇನ್ರಪ್ಪಾ? ಸಾಕಾಗಿಲ್ಲೇನು ನೋಡಿದ್ದು?"

ನನ್ನ ಮೈ ಉರಿದುಹೋಯಿತು. ಎಲ್ಲರನ್ನೂ ಹೊರಗೆ ಕಳಿಸಿದೆ.

ಆ ತಾಯಿಗೆ ನ್ಯಾಯ ಸಿಗಲು ಒಬ್ಬನೇ ಒಬ್ಬ ಗಟ್ಟಿ ಸಾಕ್ಷಿ ಸಾಕಿತ್ತು. ಚೂರಿಯನ್ನು ನೆರೆದವರೇ ಕೈಯಿಂದ ಕೈಗೆ ದಾಟಿಸಿ ನೋಡಿದ್ದರಿಂದ ಬೆರಳಚ್ಚು ಕೆಟ್ಟಿತ್ತು. ವಿಡಿಯೊದಲ್ಲಿ ಕೊಂದವನ ಬೆನ್ನಷ್ಟೇ ಕಾಣುತ್ತಿತ್ತು. ಅದನ್ನು ಪುರಾವೆಯಾಗಿ ಒಪ್ಪಬೇಕಾದರೆ ಚಿತ್ರಿಸಿದವನ ಫೋನು ಬೇಕು, 'ಇದು ನನ್ನ ಫೋನಿನಲ್ಲೇ ತೆಗೆದದ್ದು' ಎಂಬ ಅವನ ಪ್ರಮಾಣಪತ್ರವೂ ಬೇಕು. ಎಲ್ಲರೂ "ನನಗ ಯಾರೋ ಕಳಿಸಿದ್ರು" ಅಂದವರೇ. ತೆಗೆದವನು ಯಾರು ಅಂತ ಒಬ್ಬನೂ ಬಾಯಿ ಬಿಡಲಿಲ್ಲ.

ಪೊಲೀಸರ ಮುಂದೆ ಹೇಳಿಕೆ ಕೊಟ್ಟವರು ಒಬ್ಬೊಬ್ಬರಾಗಿ ಕಟಕಟೆಯಲ್ಲಿ ತಿರುಗಿಬಿದ್ದರು. ಕೊನೆಗೆ ಉಳಿದವನು ಬಸಣ್ಣ. ನ್ಯಾಯಾಧೀಶರ ಕಡೆ ಕೈಮುಗಿದು ಹೇಳಿದ: "ನಾ ಅವತ್ತು ಒಳಗ ಚಹಾ ಸೋಸಾಕತ್ತಿದ್ನಿರಿ. ಏನೂ ಕಂಡಿಲ್ರಿ."

ಥೂ! ಗಲ್ಲಿಗೆ ಹಾಕಿಸಲು ಹೊರಟ ಗಂಡು ಇವನು! ಎಷ್ಟು ತಿರುಗಿಸಿ ಮುರುಗಿಸಿ ಕೇಳಿದರೂ ಅವನು ಚಹಾದ ಸೋಸಣಿಗೆ ಬಿಟ್ಟು ಈಚೆಗೆ ಬರಲಿಲ್ಲ.

ಸಂಶಯದ ಲಾಭದ ಮೇಲೆ ಆರೋಪಿ ಬಿಡುಗಡೆಯಾದ. ನ್ಯಾಯಾಧೀಶರನ್ನು ಬೈಯುವಂತಿಲ್ಲ, ಅವರ ಮುಂದೆ ನಾನು ಇಟ್ಟದ್ದಾದರೂ ಏನಿತ್ತು? ಹೊರಗೆ ಬಂದರೆ ಗೇಟಿನ ಬಳಿ ಅದೇ ದಂಡು, "ಗಲ್ಲಿಗೆ ಹಾಕ್ರಿ" ಎಂಬ ಅದೇ ಕೂಗು. ಬಸಣ್ಣನ ಗಂಟಲು ಎಲ್ಲರಿಗಿಂತ ಮೇಲೆ. ಹುಲಿಗೆಮ್ಮ ಅಳುವುದನ್ನು ತೆಗೆಯಲು ನಾಲ್ಕಾರು ಫೋನುಗಳು ಮೇಲೆದ್ದವು. ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡು ನನ್ನ ಹತ್ತಿರ ಬಂದಳು.

"ಯಪ್ಪಾ, ಜೇಲಿನಿಂದ ಅವನ್ನ ಇವತ್ತಽ ಬಿಡ್ತಾರೇನ್ರಿ?"

"ಹೌದವ್ವಾ."

"ಹಂಗಾದ್ರ ನಾ ನಾಳಿ ಬಸ್ಸಿಗೆ ಹೋಗ್ತೀನ್ರಿ. ಬಸ್‌ಸ್ಟ್ಯಾಂಡಿನ್ಯಾಗ ಅವನ ಮಾರಿ ನೋಡೂದು ಬ್ಯಾಡ."

ಮರಣದಂಡನೆ ಸರಿಯೋ ತಪ್ಪೋ, ಅದನ್ನು ಜನರಿಗೆ ತೋರಿಸಬೇಕೋ ಬೇಡವೋ ಎಂದು ನಿವೃತ್ತನಾದ ಮೇಲೂ ನನ್ನನ್ನು ಕೇಳುವವರಿದ್ದಾರೆ. ನನ್ನ ವೃತ್ತಿ ಕಲಿಸಿದ್ದು ಇಷ್ಟೇ: ಸಾವನ್ನು ನೋಡಬಯಸುವವರು ಬೇಕಾದಷ್ಟು ಸಿಗುತ್ತಾರೆ, ಕಂಡದ್ದನ್ನು ಹೇಳುವವರು ಸಿಗುವುದಿಲ್ಲ. ಹಾಗಾಗಿ ಉತ್ತರ ಹೇಳುವ ಮುಂಚೆ ನಾನೇ ಕೇಳುತ್ತೇನೆ, "ನೀವು ಸಾಕ್ಷಿಗೆ ಬರ್ತೀರಾ?" ಇಲ್ಲಿಯವರೆಗೆ ಯಾರೂ ಹೂಂ ಅಂದಿಲ್ಲ.