ಪೂರ್ವದ ಚೆಕ್ಕುಬಂದಿ

ಮೂವತ್ತು ವರ್ಷ ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆದು ನಿವೃತ್ತರಾದ ಹುಲ್ಲಹಳ್ಳಿಯ ಪುಟ್ಟಬಸವಯ್ಯ, ಮದುವೆಗೆ ಹೋದರೂ ಚಪ್ಪರವನ್ನು ಹೆಜ್ಜೆ ಹಾಕಿ ಅಳೆದ ಮೇಲೆಯೇ ಊಟಕ್ಕೆ ಕೂರುವ ಮನುಷ್ಯ. ಅವರಿಗೆ ಫುಟ್‌ಬಾಲ್ ಹುಚ್ಚು ಹತ್ತಿಸಿದ್ದು ಟೀ ಅಂಗಡಿಯ ಮದನ್. ಇಬ್ಬರೂ ಇಂಗ್ಲೆಂಡಿನ ಬ್ರಾಕ್‌ಫರ್ಡ್ ಕ್ಲಬ್ಬಿನ ಕಟ್ಟಾ ಅಭಿಮಾನಿಗಳು.

ಕ್ಲಬ್ಬಿನ ಹೊಸ ಸ್ಟೇಡಿಯಂನಲ್ಲಿ ಮೊದಲ ಪಂದ್ಯದ ದಿನ ಮದನ್ ಬಿಸ್ಕತ್ತಿನ ಡಬ್ಬಕ್ಕೆ ಮೊಬೈಲ್ ಒರಗಿಸಿ, "ಓನರ್‌ಗೆ ಕಪ್ ಗೆಲ್ಲೋ ಆಸೆನೇ ಇಲ್ಲ ಸಾ, ಬರೀ ಕಟ್ಟಡ ಕಟ್ಟೋ ಆಸೆ. ಮೊದ್ಲು ಟೀಮ್ ಆಡ್ಸೋ ಆ ಮ್ಯಾನೇಜರ್‌ನ ಓಡಿಸ್ಬೇಕು" ಎಂದ.

ಪುಟ್ಟಬಸವಯ್ಯನವರಿಗೆ ರೇಗಿತು. "ಅದಿರ್ಲಿ ಕಣ್ಲಾ. ಸ್ಟೇಡಿಯಂಗೆ ಚೆಕ್ಕುಬಂದಿ ಹೇಳು. ನಾಕು ದಿಕ್ಕಿಗೂ ಏನೇನದೆ?"

ಮದನ್ ತಲೆ ಕೆರೆದುಕೊಂಡು, ಪಶ್ಚಿಮಕ್ಕೆ ನದಿ, ಉತ್ತರಕ್ಕೆ ರೈಲು ಹಳಿ, ದಕ್ಷಿಣಕ್ಕೆ ಹೆಂಡದಂಗಡಿ ಎಂದ. ಪುಟ್ಟಬಸವಯ್ಯ ಪೇಪರಿನ ಅಂಚಿನಲ್ಲಿ ನಕ್ಷೆ ಬರೆದುಕೊಂಡರು.

"ಪೂರ್ವಕ್ಕೆ?"

"ಗೊತ್ತಿಲ್ಲ ಸಾ."

"ಪೂರ್ವದ ಗಡಿನೇ ಗೊತ್ತಿಲ್ಲ, ಮ್ಯಾನೇಜರ್‌ನ ಓಡಿಸೋಕೆ ಒಂಟವ್ನೆ!"

ಆಟ ಶುರುವಾಯಿತು. ವಿರಾಮಕ್ಕೆ ಮೊದಲೇ ಎದುರಾಳಿಗಳು ಬ್ರಾಕ್‌ಫರ್ಡ್‌ಗೆ ಐದು ಗೋಲು ಹೊಡೆದರು. ಮದನ್ ಅಳುವುದೊಂದು ಬಾಕಿ. ಪುಟ್ಟಬಸವಯ್ಯ ಮಾತ್ರ ನಕ್ಷೆಯನ್ನು ಮೊಬೈಲಿನ ಪಕ್ಕ ಹಿಡಿದು, ಪರದೆಯ ಬಲ ಅಂಚಿಗೆ ಪೆನ್ಸಿಲ್ ಮೊನೆ ಊರಿದರು.

"ನೋಡ್ಕೊ, ನಕ್ಷೇಲಿ ಬಲಗಡೆ ಪೂರ್ವ. ಐದು ಸಲಾನೂ ಇಲ್ಲಿಂದ್ಲೇ ನುಗ್ಗವ್ರೆ. ಮ್ಯಾನೇಜರ್ ಪಾಪ ಏನ್ ಮಾಡ್ತಾನ್ಲಾ, ಈ ಕಡೆ ಗಡಿಕಲ್ಲೇ ನೆಟ್ಟಿಲ್ವಲ್ಲ!"